ಅಕ್ಕನ ಮೈಯೊಳಗಿನ ಪಾಸಿಟ್ರಾನ್

‘ಬರೀ ಸಕ್ಕರೆ ನೀರು ಅಂದ್ಯಲ್ಲ, ಅದನ್ನ ಅಷ್ಟು ಭಾರದ ಡಬ್ಬೀಲಿ ಯಾಕೆ ತರ್ತಾರೇ?’

ಕೇಳಿದವಳು ನನ್ನ ಅಕ್ಕ, ಸಿಂಗಟಗೆರೆಯ ಗೌರಕ್ಕ. ಕಳೆದ ತಿಂಗಳು ಅವಳನ್ನು ಪೆಟ್ ಸ್ಕ್ಯಾನ್‌ಗೆಂದು ನಗರದ ಆಸ್ಪತ್ರೆಯೊಂದಕ್ಕೆ ಕರೆದೊಯ್ದಿದ್ದೆವು. ನಾನು ಮತ್ತು ಅವಳ ಮಗ ಮಂಜು. ಅಕ್ಕನಿಗಿಂತ ಮುಂಚಿನ ಪೇಷೆಂಟ್‌ಗೆ ಇಂಜೆಕ್ಷನ್ ತಂದ ಹುಡುಗಿ ಸೀಸದ ಡಬ್ಬಿಯನ್ನು ಎರಡೂ ಕೈಯಲ್ಲಿ ಹೊತ್ತು ತಂದು ಮೇಜಿನ ಮೇಲೆ ದಪ್ಪೆಂದು ಇಟ್ಟಳು. ಅರ್ಧ ತೆರೆದ ಬಾಗಿಲಿನಿಂದ ಅಕ್ಕ ಅದನ್ನು ನೋಡಿಬಿಟ್ಟಳು.

ಏನು ಹೇಳಲಿ?

ಅಕ್ಕನಿಗೆ ಎದೆಯಲ್ಲಿ ಗಡ್ಡೆ. ಬಯಾಪ್ಸಿ ಆಗಿತ್ತು. ‘ಅಮ್ಮಂಗೆ ಕ್ಯಾನ್ಸರ್ ಅನ್ನೋದು ಗೊತ್ತಾಗೋದು ಬ್ಯಾಡ ಚಿಕ್ಕಮ್ಮ, ಎದೆ ಒಡ್ಕೋತಾಳೆ’ ಎಂದಿದ್ದ ಮಂಜು. ನಾನೂ ಹೂಂ ಅಂದಿದ್ದೆ. ಅದು ನೀರುಗಂಟು ಅಂತ ನಂಬಿಸಿದ್ದೆವು. (ನಂಬಿಸಿದ್ದೆವು ಅಂದುಕೊಂಡಿದ್ದೆವು.)

ಕಡೂರಿನಲ್ಲಿ ಮೂವತ್ತು ವರ್ಷ ಫಿಸಿಕ್ಸ್ ಪಾಠ ಮಾಡಿದವಳು ನಾನು. ಪ್ರಶ್ನೆ ಕೇಳಿದರೆ ಉತ್ತರ ಹೇಳುವುದು ಅಭ್ಯಾಸ. ಕಷ್ಟದ ಮಾತಿನಿಂದ ತಪ್ಪಿಸಿಕೊಳ್ಳಲು ಸುಲಭದ ಪಾಠ ಶುರು ಮಾಡಿದೆ.

‘ನೋಡಕ್ಕ, ಕಲ್ಲಾಗಲಿ, ನೀರಾಗಲಿ, ನಮ್ಮ ಮೈಯಾಗಲಿ, ಎಲ್ಲಾ ಪರಮಾಣುಗಳಿಂದ ಆಗಿರೋದು. ಅದರ ನಡುವೆ ಒಂದು ಪುಟ್ಟ ನ್ಯೂಕ್ಲಿಯಸ್, ಅದರಲ್ಲಿ ಪ್ರೋಟಾನು, ನ್ಯೂಟ್ರಾನು. ಅವನ್ನೂ ಬಿಡಿಸ್ತಾ ಹೋದ್ರೆ ಕ್ವಾರ್ಕ್. ನ್ಯೂಕ್ಲಿಯಸ್ ಸುತ್ತ ಎಲೆಕ್ಟ್ರಾನು. ಆ ಎಲೆಕ್ಟ್ರಾನ್‌ನ ಮಾತ್ರ ಇವತ್ತಿನವರೆಗೂ ಯಾರಿಗೂ ಒಡೆಯೋಕಾಗಿಲ್ಲ.’

‘ಅದಕ್ಕೂ ಡಬ್ಬಿಗೂ ಏನೇ?’

‘ಎಲೆಕ್ಟ್ರಾನ್‌ಗೆ ಒಂದು ಪ್ರತಿಕಣ ಐತೆ, ಪಾಸಿಟ್ರಾನ್ ಅಂತ. ತೂಕ ಒಂದೇ, ಚಾರ್ಜ್ ಮಾತ್ರ ಉಲ್ಟಾ. ಆ ಸಕ್ಕರೆಗೆ ಒಂದು ಪರಮಾಣು ಅಂಟಿಸಿರ್ತಾರೆ. ಅದರಿಂದ ಪಾಸಿಟ್ರಾನ್ ಬರುತ್ತೆ. ಮೈಯೊಳಗೆ ಒಂದು ಎಲೆಕ್ಟ್ರಾನ್ ಸಿಕ್ಕಿದ ತಕ್ಷಣ ಎರಡೂ ಇಲ್ಲದಂಗಾಗ್ತವೆ. ಆಗ ಎರಡು ಕಿರಣ ಎದುರುಬದುರು ದಿಕ್ಕಿಗೆ ಹೊರಡ್ತವೆ. ಮಿಷನ್ನು ಅವನ್ನ ಹಿಡಿದು, ಎಲ್ಲಿಂದ ಹೊರಟ್ವು ಅಂತ ಲೆಕ್ಕ ಹಾಕುತ್ತೆ. ಆ ಕಿರಣ ತಡೆಯೋಕೇ ಸೀಸದ ಡಬ್ಬಿ.’

ಅಕ್ಕ ಓದಿದ್ದು ನಾಲ್ಕನೇ ಕ್ಲಾಸು.

‘ಸಕ್ಕರೆ ಮೈಯೆಲ್ಲಾ ಹರಡುತ್ತಲ್ಲ. ಜಾಗ ಹೆಂಗೆ ಗೊತ್ತಾಗುತ್ತೆ?’

‘ಕೆಲವು ಕಡೆ ಜಾಸ್ತಿ ಎಳ್ಕೊಳ್ಳುತ್ತೆ.’

‘ಯಾವುದು ಎಳ್ಕೊಳ್ಳೋದು? ನೀರುಗಂಟಾ?’

ಮಂಜು ಎದ್ದು ಕಿಟಕಿಯ ಕಡೆ ಹೋದ. ಪಾಸಿಟ್ರಾನ್ ಬಗ್ಗೆ ಸಲೀಸಾಗಿ ಮಾತಾಡಿದವಳಿಗೆ ಆ ಮೂರಕ್ಷರ ಬಾಯಿಗೆ ಬರಲಿಲ್ಲ. ಅಕ್ಕ ಕಾಯುತ್ತಿದ್ದಳು.

‘ಕ್ಯಾನ್ಸರ್ ಕಣಕ್ಕ’ ಎಂದೆ.

ಅಳುತ್ತಾಳೆ ಅಂದುಕೊಂಡೆ. ಅವಳು ಸೆರಗನ್ನು ಬಿಗಿಯಾಗಿ ಹೊದ್ದುಕೊಂಡಳು, ಅಷ್ಟೇ. ‘ಗೊತ್ತಿತ್ತು ಕಣೇ. ಮಂಜ ನನ್ನ ಮುಖ ನೋಡಿ ಮಾತಾಡಿ ಒಂದು ತಿಂಗಳಾಯ್ತು. ನೀವೆಲ್ಲಾ ಒಂದಾಗಿ ನನ್ನೊಬ್ಬಳನ್ನ ಹೊರಗಿಟ್ರಲ್ಲ, ಅದೇ ಜಾಸ್ತಿ ನೋವಾಗಿದ್ದು.’

ಅಷ್ಟರಲ್ಲಿ ಅವಳ ಹೆಸರು ಕೂಗಿದರು. ಒಬ್ಬಳೇ ಎದ್ದು ಹೋದಳು. ಬೆಳಿಗ್ಗೆಯಿಂದ ಖಾಲಿ ಹೊಟ್ಟೆ, ಆದರೂ ನಡಿಗೆ ನೆಟ್ಟಗಿತ್ತು. ಮಂಜು ಕಿಟಕಿಯ ಕಡೆ ತಿರುಗಿಯೇ ಅತ್ತ.

ಸ್ಕ್ಯಾನ್ ಮುಗಿದ ಮೇಲೆ ಅಲ್ಲಿಯವರು, ಮಾರನೇ ದಿನದವರೆಗೆ ಬಸುರಿಯರು, ಎಳೆಮಕ್ಕಳ ಹತ್ತಿರ ಹೋಗಬೇಡಿ ಎಂದರು. ಮಂಜುವಿನ ಹೆಂಡತಿಗೆ ಏಳು ತಿಂಗಳು. ನಾವು ಬಾಯಿ ತೆರೆಯುವ ಮೊದಲೇ ಅಕ್ಕ, ‘ಇವತ್ತು ನಾನು ಕಡೂರಲ್ಲಿ ನಿನ್ನ ಮನೇಲೇ ಇರ್ತೀನಿ. ಸೊಸೆಗೆ ನಾನೇ ಫೋನ್ ಮಾಡಿ ಯಾಕೆ ಅಂತ ಹೇಳ್ತೀನಿ’ ಎಂದಳು. ಹೇಳಿದಳು ಕೂಡ. ನನಗಿಂತ ಸರಳವಾಗಿ.

ರಿಪೋರ್ಟ್ ದಿನ ಡಾಕ್ಟರ್ ಎದುರು ಕುರ್ಚಿಯಲ್ಲಿ ಕೂತವಳು ಅವಳೇ. ಕಾಯಿಲೆ ಕಂಕುಳಿಗೆ ದಾಟಿದೆ, ಬೆನ್ನುಮೂಳೆಯಲ್ಲೂ ಒಂದು ಕಡೆ ಕಾಣುತ್ತಿದೆ. ‘ಪೂರ್ತಿ ವಾಸಿ ಆಗುತ್ತೆ ಅಂತ ಹೇಳಲಾರೆ, ಹಿಡಿತದಲ್ಲಿ ಇಡೋಕೆ ನೋಡೋಣ’ ಎಂದರು ಡಾಕ್ಟರ್.

‘ನೋಡೋಣ ಸ್ವಾಮಿ. ಏನಿದ್ರೂ ನಂಗೇ ಹೇಳಿ’ ಎಂದಳು ಅಕ್ಕ. ಈಗ ಎರಡನೇ ಕೀಮೋ ಮುಗಿದಿದೆ. ಸುಸ್ತಾಗುತ್ತಾಳೆ. ಆದರೆ ಮಂಜು ಈಗ ಅವಳ ಪಕ್ಕದಲ್ಲಿ ಕೂತು ಮಾತಾಡುತ್ತಾನೆ.

ಅವರಿಗೆ ಅರ್ಥವಾಗಲ್ಲ, ತಡೆದುಕೊಳ್ಳಲ್ಲ ಎಂದು ಎಷ್ಟು ಮನೆಗಳಲ್ಲಿ ಮುಚ್ಚಿಡುತ್ತೇವೆ! ತಡೆದುಕೊಳ್ಳಲಾಗದಿದ್ದುದು ಯಾರಿಗೆ?

ನಿಮ್ಮ ಮನೆಯಲ್ಲೂ ‘ಅವರಿಗೆ ಹೇಳೋದು ಬೇಡ’ ಎಂದು ತೀರ್ಮಾನಿಸಿದ್ದರೆ, ಆ ತೀರ್ಮಾನಕ್ಕೆ ಮುಂಚೆ ಅವರನ್ನೊಮ್ಮೆ ಕೇಳಿದ್ದಿರಾ?