ಬಳಸಿದ ನೀರು

ಕೊಟ್ಟೂರಿನ ಒಂದು ಕಾಲೇಜಿನಲ್ಲಿ ನಾನು ರಸಾಯನಶಾಸ್ತ್ರದ ಪಾಠ ಮಾಡುತ್ತೇನೆ. ನಮ್ಮ ಮನೆತನದಲ್ಲಿ ಸಂಬಳದ ಕೆಲಸಕ್ಕೆ ಸೇರಿದ ಮೊದಲಿಗ ನಾನೇ. ಅಪ್ಪ ಅವ್ವ ಇಬ್ಬರೂ ಕಂಡವರ ಹೊಲದಲ್ಲಿ ದುಡಿದವರು. ಹಾಗಾಗಿ ನನ್ನ ಕೈಯಲ್ಲಿ ಓದಿ ಪಾಸಾದ ಮಕ್ಕಳು ಕೂಡ್ಲಿಗಿ, ಹಗರಿಬೊಮ್ಮನಹಳ್ಳಿಗಳ ಅಂಗಡಿಗಳಲ್ಲಿ ಮೊಬೈಲಿಗೆ ಕವರು ಹಾಕುತ್ತ ಕೂತದ್ದು ಕಂಡಾಗಲೆಲ್ಲ ಸಂಕಟವಾಗುತ್ತಿತ್ತು.

ಆ ಸಂಕಟವೇ ನನ್ನನ್ನು ಸಣ್ಣ ರಾಸಾಯನಿಕ ಕಾರ್ಖಾನೆಗಳ ಸಂಘದ ಹತ್ತಿರ ತಂದಿತು. ಅವು ಬೆಳೆದರೆ ನಮ್ಮ ಮಕ್ಕಳಿಗೆ ಕೆಲಸ ಸಿಗುತ್ತಿತ್ತು. ಸಂಘದ ಅಧ್ಯಕ್ಷರು ಹರಪನಹಳ್ಳಿಯ ವ್ಯಾಪಾರಸ್ಥ ಮನೆತನದವರು. ಹಡಗಲಿ ತಾಲ್ಲೂಕಿನ ಒಂದು ಊರಿನ ಪಕ್ಕದಲ್ಲಿ ಅವರದೊಂದು ಸೋಪಿನ ಪುಡಿ ಕಾರ್ಖಾನೆ ಇತ್ತು. ಒಂದು ಭಾನುವಾರ ಅವರೇ ನಮ್ಮ ಮನೆಗೆ ಬಂದರು.

"ಮೇಷ್ಟ್ರೇ, ದೊಡ್ಡ ಕಂಪನಿಯೋರ ಮುಂದ ನಾವು ನಿಲ್ಲಬೇಕಂದ್ರ ನಮ್ಮ ಐದು ತಾಲ್ಲೂಕಿಗೆ ಅಂತಾನೇ ಒಂದು ನೀತಿ ಬೇಕ್ರಿ. ಮಾಲು ಪರೀಕ್ಷೆ ಮಾಡಾಕ ಲ್ಯಾಬ್ ಬೇಕು, ಕೊಳಕು ನೀರು ಶುದ್ಧ ಮಾಡಾಕ ಎಲ್ಲರಿಗೂ ಸೇರಿ ಒಂದು ಘಟಕ ಬೇಕು. ಸರ್ಕಾರಕ್ಕ ಬರದು ಕೊಡಾಕ ನಿಮ್ಮಂಥೋರು ಬೇಕು" ಎಂದರು.

ನಾನು ಹಿಂದೆಮುಂದೆ ನೋಡದೆ ಒಪ್ಪಿಕೊಂಡೆ. ಅವರು ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ, ಇವತ್ತಿಗೂ ಇಲ್ಲ. ಅಧಿಕಾರಿಗಳಿಗೆ ಇಂಗ್ಲಿಷಿನಲ್ಲೊಂದು ಮನವಿ ಬರೆದೆ. ಹಳ್ಳಿಯ ಪಂಚಾಯ್ತಿಗಳ ಬೆಂಬಲವೂ ಬೇಕಾಗಿತ್ತು, ಅದಕ್ಕೆ ಕನ್ನಡದಲ್ಲಿ ಎರಡು ಪುಟದ ಸಾರಾಂಶ ಮಾಡಿದೆ. ಅದರಲ್ಲಿ 'ಕಾರ್ಖಾನೆಗಳಿಂದ ಹೊರಬೀಳುವ ಕ್ಷಾರದ ತ್ಯಾಜ್ಯ ನೀರು' ಎಂದು ಬರೆದಿದ್ದೆ. ಓದುತ್ತಿದ್ದ ಅಧ್ಯಕ್ಷರು ಆ ಸಾಲಿಗೆ ಬಂದು ನಿಂತುಬಿಟ್ಟರು.

"ಇದನ್ನ ಓದಿದ್ರ ಘಟಕ ಒತ್ತಟ್ಟಿಗಿರಲಿ, ಇರೋ ಫ್ಯಾಕ್ಟರೀನೂ ಮುಚ್ಚಸ್ತಾರ. ಸ್ವಲ್ಪ ಮೆತ್ತಗ ಬರೀರಿ."

ನಾನು ಪೆನ್ನು ತೆಗೆದು ಅದನ್ನು ಹೊಡೆದುಹಾಕಿ 'ಬಳಸಿದ ನೀರು' ಎಂದು ಬರೆದೆ. ಸುಳ್ಳೇನಲ್ಲವಲ್ಲ, ಬಳಸಿದ್ದೇ ತಾನೆ, ಎಂದು ನನಗೆ ನಾನೇ ಹೇಳಿಕೊಂಡೆ. ಇಂಗ್ಲಿಷ್ ಪ್ರತಿಯನ್ನು ಮಾತ್ರ ಮುಟ್ಟಲಿಲ್ಲ. ಓದಬಲ್ಲ ಅಧಿಕಾರಿಗೆ ಒಂದು ಮಾತು, ನಮ್ಮವರಿಗೆ ಇನ್ನೊಂದು ಮಾತು. ಆಗ ಅದು ನನಗೆ ಹಾಗೆ ಕಾಣಲೇ ಇಲ್ಲ.

ಆಮೇಲೆ ಊರೂರು ತಿರುಗಿದೆವು. ಇಟ್ಟಿಗಿ, ಉಚ್ಚಂಗಿದುರ್ಗದಿಂದ ಹಿಡಿದು ಕೂಡ್ಲಿಗಿ ಕಡೆಯ ಹಳ್ಳಿಗಳವರೆಗೆ ಶಾಲೆಯ ಪಡಸಾಲೆಗಳಲ್ಲಿ, ಪಂಚಾಯ್ತಿ ಕಟ್ಟೆಗಳ ಮೇಲೆ ಕೂತು ಸಾರಾಂಶ ಓದಿ ಹೇಳಿದೆ. ಅಧ್ಯಕ್ಷರ ಕಾರ್ಖಾನೆ ಇದ್ದ ಊರಿನಲ್ಲಿ ಓದು ಮುಗಿಸಿದಾಗ ಬಾಗಿಲ ಹತ್ತಿರ ನಿಂತಿದ್ದ ಒಬ್ಬ ಹೆಣ್ಣುಮಗಳು ಕೈಯೆತ್ತಿದಳು. ನಡುವಯಸ್ಸಿನವಳು. ಕಾರ್ಖಾನೆಯ ಬೇಲಿಗೆ ಹತ್ತಿಕೊಂಡೇ ಅವಳ ಮಲ್ಲಿಗೆ ತೋಟವಿತ್ತು.

"ಸರ್, ಬಳಸಿದ ನೀರು ಅಂದ್ರ ಏನ್ರಿ? ನಮ್ಮ ಬಚ್ಚಲ ನೀರು ಇದ್ದಂಗೇನ್ರಿ?"

ಹೇಳಬೇಕಾದ್ದು ನನಗೆ ಗೊತ್ತಿತ್ತು. ಅಧ್ಯಕ್ಷರು ನನ್ನ ಪಕ್ಕದಲ್ಲೇ ಕೂತಿದ್ದರು. ಊಟದ ಹೊತ್ತಾಗಿತ್ತು, ಜನ ಏಳುವುದರಲ್ಲಿದ್ದರು.

"ಹೆಚ್ಚುಕಡಿಮೆ ಹಂಗ ಅಕ್ಕಾ. ಸೋಪಿನ ನೀರು ಅಷ್ಟ" ಎಂದೆ.

ಠರಾವು ಪಾಸಾಯಿತು.

ಎರಡು ತಿಂಗಳ ಮೇಲೆ ಇನ್ನೊಂದು ಸಹಿಗಾಗಿ ಅದೇ ಊರಿಗೆ ಹೋಗಿದ್ದೆ. ಪಂಚಾಯ್ತಿ ಬಾಗಿಲಲ್ಲೇ ಆ ಅಕ್ಕ ನನ್ನನ್ನು ಹಿಡಿದಳು. "ಸರ್, ನೀವು ಓದಿದೋರು. ಒಂಚೂರು ನಮ್ಮ ತ್ವಾಟ ನೋಡಿ ಹೋಗ್ರಿ" ಎಂದಳು. ಪಂಚಾಯ್ತಿಯ ಸದಸ್ಯರೊಬ್ಬರೂ ಜೊತೆಗೆ ಬಂದರು.

ತೋಟದ ಅರ್ಧ ಭಾಗದಲ್ಲಿ ಎಲೆಗಳ ಅಂಚು ಸುಟ್ಟಂತೆ ಕಂದಾಗಿತ್ತು. ಮೊಗ್ಗುಗಳು ಅರಳುವ ಮೊದಲೇ ಒಣಗಿ ಬುಡದಲ್ಲಿ ಬಿದ್ದಿದ್ದವು. ಮಡಿಗಳ ಮಣ್ಣಿನ ಮೇಲೆ ತೆಳ್ಳಗೆ ಬಿಳಿ ಹಕ್ಕಳೆ ಕಟ್ಟಿತ್ತು. ಕಾರ್ಖಾನೆಯ ಬೇಲಿಯ ಕೆಳಗಿನಿಂದ ಒಂದು ಕಪ್ಪು ಪೈಪು ತೋಟದೊಳಕ್ಕೆ ಬಂದಿತ್ತು.

"ಟ್ರಾನ್ಸ್‌ಫಾರ್ಮರ್ ಸುಟ್ಟು ಮೋಟರ್ ನಿಂತಿತ್ರಿ. ಗಿಡ ಬಾಡ್ತಾವಲ್ಲ ಅಂತ ಫ್ಯಾಕ್ಟರಿಯೋರನ್ನ ನಾನ ಕೇಳಿದ್ನಿ. ಪಾಪ, ಪೈಪು ಕೊಟ್ರು. ನೀವು ಹೇಳಿದ್ರಲ್ಲ, ಬಚ್ಚಲ ನೀರಿದ್ದಂಗ ಅಂತ. ನಾವು ಬಚ್ಚಲ ನೀರಿಗೇ ಬಾಳಿ ಗಿಡ ಬೆಳಸಿದೋರು" ಎಂದಳು. ಆಮೇಲೆ ದನಿ ತಗ್ಗಿಸಿ ಕೇಳಿದಳು: "ನಾನು ಜಾಸ್ತಿ ಬಿಟ್ನೇನ್ರಿ ಸರ್?"

ಅವಳ ದನಿಯಲ್ಲಿ ನನ್ನ ಮೇಲೆ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು. ಅವಳು ತನ್ನ ತಪ್ಪು ಹುಡುಕುತ್ತಿದ್ದಳು. ಸದಸ್ಯರು ನನ್ನ ಬಾಯಿಯನ್ನೇ ನೋಡುತ್ತಿದ್ದರು. ಸಹಿಯಾಗಬೇಕಿದ್ದ ಕಾಗದ ನನ್ನ ಕಂಕುಳಲ್ಲಿತ್ತು.

"ಇರಬಹುದು" ಎಂದೆ.

ಒಂದು ಹಿಡಿ ಮಣ್ಣನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು, ಸಹಿಯನ್ನೂ ತೆಗೆದುಕೊಂಡು ಕೊಟ್ಟೂರಿನ ಬಸ್ಸು ಹತ್ತಿದೆ. ಮರುದಿನ ಕಾಲೇಜಿನ ಲ್ಯಾಬಿನಲ್ಲಿ ಆ ಮಣ್ಣನ್ನು ನೀರಿನಲ್ಲಿ ಕದಡಿ ಕೆಂಪು ಲಿಟ್ಮಸ್ ಅದ್ದಿದೆ. ತಕ್ಷಣ ನೀಲಿಯಾಯಿತು, ಕ್ಷಾರವೇ. ಮೊದಲ ವರ್ಷದ ಮಕ್ಕಳಿಗೆ ಮೊದಲ ವಾರ ಮಾಡಿ ತೋರಿಸುವ ಪ್ರಯೋಗ ಅದು.

ಅಧ್ಯಕ್ಷರಿಗೆ ಫೋನ್ ಮಾಡಿದೆ. ಮಣ್ಣಿನ ವಿಷಯ ಹೇಳಿದೆ. "ನಾವಾಗಿ ಬಿಡಲಿಲ್ಲ ಮೇಷ್ಟ್ರೇ. ಆಯಮ್ಮನೇ ಕೇಳಿದ್ದು" ಎಂದರು.

"ಆಕೀ ಕೇಳೂವಂಗ ಮಾಡಿದೋನು ನಾನು ರೀ" ಎಂದೆ.

"ಮ್ಯಾನೇಜರಿಗೆ ಹೇಳ್ತೀನಿ, ಪೈಪು ತಗಸ್ತೀನಿ" ಎಂದರು. ಎರಡು ವಾರದ ಮೇಲೆ ತೆಗೆಸಿದರು.

ನಾನೂ ಆ ಎರಡು ವಾರ ಅವಳ ಊರಿಗೆ ಹೋಗಲಿಲ್ಲ. ಪರೀಕ್ಷೆಯ ಮೌಲ್ಯಮಾಪನ ಇತ್ತು. ಅದು ನೆಪ. ಕೊಟ್ಟೂರಿನಿಂದ ಅಲ್ಲಿಗೆ ದಿನಕ್ಕೆ ಎಷ್ಟೋ ಬಸ್ಸುಗಳಿವೆ. ಒಂದು ಮಾತು ಹೇಳಿ ಸಂಜೆಗೆ ವಾಪಸ್ ಬರಬಹುದಿತ್ತು.

ಕೊನೆಗೆ ಹೋದೆ. ಅವಳು ಮನೆಯ ಮುಂದೆ ಕೂತು ಕೂಲಿಗೆ ಬೇರೆಯವರ ಹೂ ಕಟ್ಟುತ್ತಿದ್ದಳು. ನಿಂತೇ ಹೇಳಿದೆ.

"ಅಕ್ಕಾ, ನೀನು ಜಾಸ್ತಿ ಬಿಟ್ಟಿದ್ದಕ್ಕ ಅಲ್ಲ. ಆ ನೀರೇ ಗಿಡಕ್ಕ ಆಗಂಗಿಲ್ಲ. ಅದರಾಗ ಸೋಡ ಐತಿ. ನನಗ ಮೊದಲ ಗೊತ್ತಿತ್ತು. ಗೊತ್ತಿದ್ದೂ ಹೇಳಲಿಲ್ಲ. ತಪ್ಪು ನಂದು."

ಅವಳ ಕೈ ನಿಂತಿತು. ನನ್ನನ್ನು ನೋಡದೆ ಹೇಳಿದಳು: "ನೀವು ಇರಬಹುದು ಅಂದ್ರಿ. ಅದಕ್ಕ ಉಳಿದ ಅರ್ಧಕ್ಕ ಕಮ್ಮಿ ಕಮ್ಮಿ ಬಿಟ್ನಿ ಸರ್."

ಮೊದಲನೆಯ ಸುಳ್ಳು ಹೇಳಿದ್ದು ಸಭೆಯಲ್ಲಿ. ಅದಕ್ಕೆ ಅಧ್ಯಕ್ಷರಿದ್ದರು, ಸಂಘವಿತ್ತು, ನನ್ನ ವಿದ್ಯಾರ್ಥಿಗಳಿಗೆ ಸಿಗಬಹುದಾದ ಕೆಲಸಗಳಿದ್ದವು. ಎರಡನೆಯದಕ್ಕೆ ನನ್ನ ಮಾನ, ಒಂದು ಸಹಿ ಬಿಟ್ಟರೆ ಬೇರೆ ಕಾರಣವಿರಲಿಲ್ಲ. ಆ ಒಂದು ಮಾತಿಗೆ ಉಳಿದರ್ಧ ತೋಟವೂ ಹೋಗಿತ್ತು.

ಒಳಗಿನಿಂದ ಅವಳ ಗಂಡ ಬಂದು ನಿಂತಿದ್ದ. ಇಷ್ಟು ದಿನ ಮನೆಯವರೆಲ್ಲ ಅವಳ ಕೈಗುಣವನ್ನೇ ಬೈದಿದ್ದರಂತೆ. ಅವಳು ನನಗೆ ಹೇಳಿದಳು: "ಈಗ ಹೇಳಿದ್ದನ್ನ ಒಂದು ಹಾಳ್ಯಾಗ ಬರದು ಕೊಡ್ರಿ. ಸಹಿ ಹಾಕ್ರಿ. ನಮ್ಮತ್ತೆಗೆ ಓದಿ ಹೇಳಸ್ತೀನಿ."

ಬರೆದೆ. ತ್ಯಾಜ್ಯ ನೀರು ಎಂದೇ ಬರೆದೆ. ಕೆಳಗೆ ನನ್ನ ಹೆಸರು, ಕೆಲಸ, ಕಾಲೇಜು ಎಲ್ಲವನ್ನೂ ಹಾಕಿದೆ. ಗಂಡ ಅದನ್ನು ನಿಧಾನವಾಗಿ ಓದಿ ಅವಳ ಕೈಗೆ ಕೊಟ್ಟ.

ಆಮೇಲಿನದು ಇಷ್ಟು. ಕನ್ನಡದ ಸಾರಾಂಶವನ್ನು ತಿದ್ದಿ ಎಲ್ಲ ಪಂಚಾಯ್ತಿಗಳಿಗೂ ಮತ್ತೆ ಕಳಿಸಿದೆ. ಎರಡು ಊರಿನವರು ಬೆಂಬಲ ವಾಪಸ್ ತೆಗೆದುಕೊಂಡರು. ಸಂಘದ ಕೆಲವರು ನನ್ನ ಜೊತೆ ಮಾತು ಬಿಟ್ಟರು. ಅಧ್ಯಕ್ಷರು ಬಿಡಲಿಲ್ಲ. ತಮ್ಮ ಕಾರ್ಖಾನೆಯಲ್ಲಿ ನೀರು ಹಿಡಿದಿಡಲು ಸಿಮೆಂಟಿನ ತೊಟ್ಟಿ ಕಟ್ಟಿಸಿದರು, ಅವಳ ತೋಟಕ್ಕೆ ಕ್ಷಾರದ ಮಣ್ಣು ಸರಿಮಾಡುವ ಜಿಪ್ಸಂ ಚೀಲಗಳನ್ನು ಒಂದು ಟ್ರ್ಯಾಕ್ಟರ್ ತುಂಬ ಕಳಿಸಿದರು. ಐದು ತಾಲ್ಲೂಕಿನ ಶುದ್ಧೀಕರಣ ಘಟಕದ ಬೇಡಿಕೆ ಇನ್ನೂ ಕಚೇರಿಯಲ್ಲೇ ಇದೆ. ವಿಚಾರಿಸಿದಾಗಲೆಲ್ಲ ಪರಿಶೀಲನೆಯಲ್ಲಿದೆ ಎನ್ನುತ್ತಾರೆ. ನಾನು ಈಗಲೂ ಅದಕ್ಕಾಗಿ ಓಡಾಡುತ್ತೇನೆ.

ಜಿಪ್ಸಂ ಬಂದ ದಿನ ನಾನೂ ಹೋಗಿದ್ದೆ. ಎಷ್ಟು ಹಾಕಬೇಕು, ಹೇಗೆ ಒಳ್ಳೆಯ ನೀರು ಹಾಯಿಸಿ ಮಣ್ಣು ತೊಳೆಯಬೇಕು ಎಂದು ಅವಳಿಗೆ ವಿವರಿಸಿದೆ. ಎಲ್ಲವನ್ನೂ ಕೇಳಿಸಿಕೊಂಡಳು.

"ಇದನ್ನೂ ಬರದು ಕೊಡ್ತೀರೇನ್ರಿ ಸರ್?" ಎಂದಳು. ಅಣಕವಿರಲಿಲ್ಲ. ನನ್ನ ಬಾಯಿಮಾತು ಅವಳಿಗೆ ಸಾಲದಾಗಿತ್ತು, ಅಷ್ಟೇ.

ಬರೆದು ಸಹಿ ಹಾಕಿ ಕೊಟ್ಟೆ. ಅವಳು ಅದನ್ನು ಗಂಡನಿಂದ ಓದಿಸಿ ಕೇಳಿದ ಮೇಲೆಯೇ ಜಿಪ್ಸಂ ಚೀಲ ಬಿಚ್ಚಿದಳು.