ಎಡಗೈ, ಬಲಗೈ, ಎರಡು ಪಿಯಾನೊ

ಅವರ ಬಲಗೈ ಹೆಬ್ಬೆರಳಿನ ಬುಡದಲ್ಲಿ ಹುಣಿಸೆ ಬೀಜದಷ್ಟು ಗಟ್ಟಿಯಾದ ಚರ್ಮವಿತ್ತು. ಪಿಯಾನೊದ ತಂತಿ ಬಿಗಿಸುವ ಕೀಲಿಯನ್ನು ನಲವತ್ತು ವರ್ಷ ತಿರುಗಿಸಿದ ಗುರುತು ಅದು. ಕಡಕೊಳದ ರೈತರ ಮನೆಯಿಂದ ಬಂದು, ಮೈಸೂರಿನ ಕಾನ್ವೆಂಟೊಂದರಲ್ಲಿ ಬಡಗಿಯಾಗಿ ಸೇರಿ, ಅಲ್ಲಿನ ಪಿಯಾನೊ ರಿಪೇರಿ ಮಾಡುತ್ತಲೇ ಅದರ ಶ್ರುತಿ ಕೂಡಿಸುವುದನ್ನು ಕಲಿತವರು. ನಮ್ಮ ಬೀದಿಗೆಲ್ಲ ಅವರು ಪಿಯಾನೊ ಮೇಸ್ತ್ರಿ. ನಾನು ಎದುರು ಮನೆಯವನು. ಪತ್ರಿಕೆಯ ಸುದ್ದಿಮನೆಯಲ್ಲಿ ಕೆಲಸ. ಅವರಿಗೆ ನಾನು ‘ಪೇಪರಿನೋರು’.

ನಿವೃತ್ತಿಯ ದಿನ ಸಿಸ್ಟರ್ ಒಬ್ಬರು ಬೀರುವಿನಲ್ಲಿ ಬಿದ್ದಿದ್ದ ಹಳೆಯ ಗ್ರಾಮಫೋನ್ ರೆಕಾರ್ಡೊಂದನ್ನು ಅವರ ಕೈಗಿತ್ತರು. ಅದರಲ್ಲಿದ್ದದ್ದು ಕಳೆದ ಶತಮಾನದಲ್ಲಿ ಎರಡು ಪಿಯಾನೊ ಮತ್ತು ವಾದ್ಯವೃಂದಕ್ಕೆಂದು ಬರೆದ ಕಾನ್ಚೆರ್ಟೊ ಎಂಬ ಪಾಶ್ಚಾತ್ಯ ಸಂಗೀತ ಕೃತಿ. ಸಂಯೋಜಕರ ಹೆಸರನ್ನು ನಾವಿಬ್ಬರೂ ಕೇಳಿರಲಿಲ್ಲ. ಅದನ್ನು ಹಾಕಲು ಯಂತ್ರವಿಲ್ಲದ್ದರಿಂದ ನಾನು ಫೋನಿನಲ್ಲಿ ಅದೇ ಕೃತಿಯನ್ನು ಹುಡುಕಿ ಎರಡು ಸ್ಪೀಕರಿಗೆ ಜೋಡಿಸಿದೆ. ಕಿಟಕಿ ಕಡೆಯಿಂದ ಒಂದು ಪಿಯಾನೊ, ಬಾಗಿಲ ಕಡೆಯಿಂದ ಇನ್ನೊಂದು. ಜೀವನವಿಡೀ ಒಂದೊಂದೇ ಪಿಯಾನೊದ ಮುಂದೆ ಕೂತಿದ್ದ ಮನುಷ್ಯ ಮಧ್ಯದಲ್ಲಿ ಕೂತು ಎರಡರ ಮಾತನ್ನೂ ಕೇಳಿದರು.

“ಇಂಥವು ಇನ್ನೂ ಇದ್ದಾವಾ? ಹುಡುಕಿ ಕಣ್ರೀ.”

ಇದ್ದವು. ಚೆಕ್, ಡಚ್, ಬ್ರಿಟಿಷ್ ಸಂಯೋಜಕರವು. ಕೆಲವಕ್ಕೆ ಒಂದೇ ಒಂದು ಧ್ವನಿಮುದ್ರಣ. ಭಾನುವಾರಕ್ಕೊಂದು ಕೇಳುತ್ತಿದ್ದೆವು. ಇಷ್ಟು ಚೆನ್ನಾಗಿದ್ದರೂ ಯಾಕೆ ಯಾರೂ ನುಡಿಸುವುದಿಲ್ಲ ಎಂದು ಕೇಳಿದೆ.

“ಎರಡು ಪಿಯಾನೊ ಒಂದೇ ಶ್ರುತೀಲಿ ನಿಲ್ಸೋದು ಅಂದ್ರೆ ಪಳಗದ ಎರಡು ಹೋರೀನ ಒಂದೇ ನೊಗಕ್ಕೆ ಕಟ್ಟಿದಂಗೆ. ಯಾರಿಗೆ ಬೇಕು ಆ ತಾಪತ್ರಯ?”

ಎರಡನೆಯ ವರ್ಷ ಒಂದು ಬೆಳಿಗ್ಗೆ ಏಳುವಾಗ ಅವರ ಬಲಗಿವಿ ಹೋಗಿತ್ತು. ಎಡಗಿವಿಗೆ ಸಂಗೀತವೇನೋ ಕೇಳುತ್ತಿತ್ತು. ಯಾವುದು ಯಾವ ಕಡೆಯಿಂದ ಎಂದು ತಿಳಿಯುತ್ತಿರಲಿಲ್ಲ. ಎರಡು ಪಿಯಾನೊ ಕಲಸಿ ಒಂದಾಗಿಬಿಟ್ಟವು. “ಒಬ್ನು ಕೇಳ್ತಾನೆ, ಇನ್ನೊಬ್ನು ಉತ್ತರ ಕೊಡ್ತಾನೆ. ಯಾರು ಯಾರು ಅಂತ ಗೊತ್ತಾಗ್ದಿದ್ರೆ ಬರೀ ಸದ್ದು ಬುಡಿ,” ಎಂದವರು ಎರಡು ವಾರ ಏನನ್ನೂ ಕೇಳಲಿಲ್ಲ.

ಉಪಾಯವನ್ನೂ ಅವರೇ ಹುಡುಕಿದರು. ನಾನು ಅವರೆದುರು ಕೂರಬೇಕು. ಕಿಟಕಿ ಕಡೆಯದು ನುಡಿದರೆ ಎಡಗೈ, ಬಾಗಿಲ ಕಡೆಯದು ನುಡಿದರೆ ಬಲಗೈ, ಇಬ್ಬರೂ ಸೇರಿದರೆ ಎರಡೂ ಕೈ ಎತ್ತಬೇಕು. ಕಾಫಿ ತಂದ ಅವರ ಹೆಂಡತಿ ನಕ್ಕುಬಿಟ್ಟರು: “ಅಯ್ಯೋ, ನಮ್ಮನೇಗೇ ಟ್ರಾಫಿಕ್ ಪೊಲೀಸ್ನೋರು ಬಂದ್ಬುಟ್ರಲ್ಲ!”

ಒಮ್ಮೆ ವೇಗದ ಭಾಗವೊಂದು ನನಗೂ ತಿಳಿಯಲಿಲ್ಲ. ಬಲಗೈ ಎತ್ತಿದೆ. ಅವರು ಸಂಗೀತ ನಿಲ್ಲಿಸಿದರು.

“ಅಂದಾಜಲ್ಲಿ ಎತ್ಬುಟ್ರಿ, ಅಲ್ವಾ?”

“ಹೇಗೆ ಗೊತ್ತಾಯ್ತು?”

“ಎತ್ತೋ ಮುಂಚೆ ನನ್ನ ಮುಖ ನೋಡಿದ್ರಿ. ಬೇರೆ ಹೊತ್ತಲ್ಲಿ ನೋಡಲ್ಲ. ಗೊತ್ತಿಲ್ದಿದ್ರೆ ಕೈ ತೊಡೆ ಮೇಲಿರ್ಲಿ ಪೇಪರಿನೋರೇ. ಅನುಮಾನ ಇರೋ ತಂತೀನ ನಾನು ತಿರುಗಿಸ್ತಿರ್ಲಿಲ್ಲ.”

ಖಚಿತವಾಗದ್ದನ್ನು ಬರೆಯಬಾರದೆಂದು ಸುದ್ದಿಮನೆಯ ಹಿರಿಯರು ಎಷ್ಟೋ ಸಲ ಹೇಳಿದ್ದರು. ನಾಟಿದ್ದು ಅಂದು.

ಕಳೆದ ವರ್ಷ ಎಡಗಿವಿಯೂ ಹೋಯಿತು. ಅಷ್ಟರಲ್ಲಿ ಶ್ವಾಸಕೋಶದ ಕಾಯಿಲೆಯಿಂದ ಹಾಸಿಗೆ ಹಿಡಿದಿದ್ದರು. ಒಂದು ಭಾನುವಾರ ನಾನು ಹೋದಾಗ ಸ್ಪೀಕರಿನತ್ತ ಬೆರಳು ತೋರಿಸಿದರು. ಸಿಸ್ಟರ್ ಕೊಟ್ಟ ಆ ಮೊದಲ ಕಾನ್ಚೆರ್ಟೊ ಹಾಕಿದೆ. ಅವರಿಗೆ ಏನೂ ಕೇಳುತ್ತಿರಲಿಲ್ಲ. ನನ್ನ ಕೈಗಳನ್ನೇ ನೋಡುತ್ತಿದ್ದರು. ಹೊದಿಕೆಯ ಮೇಲೆ ಹೆಬ್ಬೆರಳು ಅಲ್ಲಾಡುತ್ತಿತ್ತು. ತಿಳಿಯದ ಕಡೆ ಕೈಗಳನ್ನು ತೊಡೆಯ ಮೇಲಿಟ್ಟೆ. ಸರಿ ಎಂಬಂತೆ ತಲೆಯಾಡಿಸಿದರು.

ಸಂಗೀತ ಮುಗಿಯಿತು. ಕೈ ಇಳಿಸಿದೆ. ಮುಗಿದದ್ದು ಅವರಿಗೆ ತಿಳಿಯಲಿಲ್ಲ. ಮುಂದಿನ ಸನ್ನೆಗೆ ಕಾಯುತ್ತಲೇ ಇದ್ದರು. ಬಾಗಿಲಲ್ಲಿ ನಿಂತಿದ್ದ ಅವರ ಹೆಂಡತಿ ಮೆಲ್ಲಗೆ ಅಂದರು: “ಮುಗೀತು ಅಂತ ತೋರಿಸ್ಬೇಡಿ ಕಣಪ್ಪ.”

ನಾನು ಎರಡೂ ಕೈ ಎತ್ತಿದೆ. ಅವರಿಗೆ ನಿದ್ದೆ ಹತ್ತುವವರೆಗೂ ಇಳಿಸಲಿಲ್ಲ. ನಾಲ್ಕನೆಯ ದಿನ ತೀರಿಕೊಂಡರು.

ನಾನು ತಿಳಿದೂ ತಿಳಿದೂ ಕೊಟ್ಟ ಸುಳ್ಳು ವರದಿ ಅದೊಂದೇ. ಕೈ ಎತ್ತುವ ಮುಂಚೆ ಅವರ ಮುಖ ನೋಡಿದ್ದೆ. ಅದನ್ನು ಅವರು ಗಮನಿಸಿದರೋ ಇಲ್ಲವೋ, ಖಚಿತವಾಗಿ ಹೇಳಲಾರೆ.