ಕತ್ತಿ ಕಟ್ಟಿದವನ ಮೊಕದ್ದಮೆ

ಬೆಳ್ತಂಗಡಿ ಕೋರ್ಟಿನ ಜಗಲಿಯಲ್ಲಿ ನಾನು ಅಣ್ಣನಿಗೆ ‘ನಿನ್ನನ್ನು ಬಿಡಿಸಬಹುದು’ ಎಂದು ಹೇಳಿದೆನೋ ಇಲ್ಲವೋ, ನನಗೆ ಖಚಿತವಿಲ್ಲ. ಹೇಳಿದ್ದೆ ಎಂದೇ ಹಲವು ವರ್ಷ ನಂಬಿಕೊಂಡಿದ್ದೆ. ಮಾವ ಕೊಡೆಯನ್ನು ಕಂಬಕ್ಕೆ ಒರಗಿಸಿದ್ದು ನೆನಪಿದೆ. ಅಣ್ಣನ ಅಂಗಿಗೆ ಆ ದಿನ ಇಸ್ತ್ರಿ ಹಾಕಿತ್ತು ಎಂಬುದೂ ನೆನಪಿದೆ. ನನ್ನ ಬಾಯಿಂದ ಬಂದ ಮಾತು ಮಾತ್ರ ನೆನಪಿಲ್ಲ. ಮದ್ರಾಸಿನಲ್ಲಿ ಕಾನೂನು ಓದುವಾಗ ಸಾಕ್ಷಿಯ ನೆನಪನ್ನು ಹೇಗೆ ಸಂಶಯಿಸಬೇಕು ಎಂದು ಕಲಿತಿದ್ದೆ. ಆ ವಿದ್ಯೆಯನ್ನು ನನ್ನ ಮೇಲೆಯೇ ಪ್ರಯೋಗಿಸುವ ಧೈರ್ಯ ಬರಲು ಕಾಲ ಹಿಡಿಯಿತು.

ಅಣ್ಣ ಎಂದರೆ ದೊಡ್ಡಮ್ಮನ ಮಗ, ನನಗಿಂತ ನಾಲ್ಕು ವರ್ಷ ದೊಡ್ಡವನು. ನಮ್ಮದು ತಾಯಿಯ ಕಡೆಯಿಂದ ಮನೆತನ ನಡೆಯುವ ಅಳಿಯಸಂತಾನದ ಕುಟುಂಬ. ಪುಂಜಾಲಕಟ್ಟೆಯಿಂದ ಅರ್ಧ ಗಂಟೆ ನಡೆದರೆ ಮನೆ. ಮನೆಗೆ ಯಜಮಾನರು ಸೋದರಮಾವ. ಅಪ್ಪ ಬಂದು ಹೋಗುವವರು, ಮಾವ ಇರುವವರು. ಮಾವ ಒಂದು ಸಲ ತಲೆದೂಗಿದರೆ ಅದಕ್ಕೆ ಬೇರೆ ಯಾರ ಹೊಗಳಿಕೆಯೂ ಸಮವಲ್ಲ. ಆ ತಲೆದೂಗು ಸಿಗುತ್ತಿದ್ದದ್ದು ಎಂಟನೆಯ ಕ್ಲಾಸಿಗೆ ಶಾಲೆ ಬಿಟ್ಟ ಅಣ್ಣನಿಗೆ. ಬಿ.ಎ., ಬಿ.ಎಲ್. ಮಾಡಿದ ನನಗಲ್ಲ.

ಮಾವನಿಗೆ ಹುಂಜಗಳ ಹುಚ್ಚು. ಅಂಗಳದ ಬದಿಯಲ್ಲಿ ಏಳೆಂಟು ಹುಂಜಗಳನ್ನು ಒಂದಕ್ಕೊಂದು ತಾಗದ ಹಾಗೆ ಗೂಟಕ್ಕೆ ಕಟ್ಟಿ ಸಾಕುತ್ತಿದ್ದರು. ಯಾವ ದಿನ ಯಾವ ಬಣ್ಣದ ಹುಂಜ ಗೆಲ್ಲುತ್ತದೆ ಎಂದು ಹೇಳುವ ಕೋಳಿಯ ಪಂಚಾಂಗವೊಂದು ಅವರ ತಲೆದಿಂಬಿನ ಕೆಳಗೆ ಇರುತ್ತಿತ್ತು. ಆದರೆ ಅಂಕದಲ್ಲಿ, ಎಂದರೆ ಕೋಳಿ ಕಾಳಗದಲ್ಲಿ, ಹುಂಜದಷ್ಟೇ ಮುಖ್ಯ ಅದರ ಕಾಲಿಗೆ ಕತ್ತಿ ಕಟ್ಟುವ ಕೈ. ಬೆರಳುದ್ದದ ಆ ಕತ್ತಿ ಕೂದಲೆಳೆಯಷ್ಟು ವಾಲಿದರೂ ಹುಂಜ ತನ್ನನ್ನೇ ಕೊಯ್ದುಕೊಳ್ಳುತ್ತದೆ. ನೂಲನ್ನು ಹಲ್ಲಿನಲ್ಲಿ ಕಚ್ಚಿ, ಹುಂಜವನ್ನು ಮಡಿಲಲ್ಲಿ ಒತ್ತಿ, ಸುತ್ತಿ ಸುತ್ತಿ ಬಿಗಿಯುವುದರಲ್ಲಿ ಅಣ್ಣನನ್ನು ಮೀರಿಸುವವರು ಮೂಡಬಿದಿರೆಯವರೆಗೂ ಇರಲಿಲ್ಲ. ಅಂಕ ಮುಗಿದ ಮೇಲೆ ಗೆದ್ದ ಹುಂಜದ ಹರಿದ ಹೊಟ್ಟೆಯನ್ನು ಸೂಜಿಯಲ್ಲಿ ಹೊಲಿಯುವವನೂ ಅವನೇ. ಸೋತದ್ದು ಸಾರಾಗುತ್ತಿತ್ತು. ಅದರ ಒಂದು ಕಾಲು ಕತ್ತಿ ಕಟ್ಟಿದವನಿಗೆ ಸಲ್ಲಬೇಕು, ಅದು ಕ್ರಮ.

ಮನೆಗೆ ಯಾರಾದರೂ ಬಂದರೆ ಮಾವ ಅಣ್ಣನ ಕೈ ಹಿಡಿದು ತೋರಿಸುತ್ತಿದ್ದರು. “ಈ ಬೆರಳು ನೋಡಿ. ಭಟ್ಟರು ಜನಿವಾರ ಹಾಕಿದ ಹಾಗೆ ನೂಲು ಹಾಕ್ತಾನೆ.” ನನ್ನದು ಕಪ್ಪು ನಿಲುವಂಗಿ ತೊಟ್ಟು ತೆಗೆಸಿದ ಪದವಿಯ ಫೋಟೊ. ಅದನ್ನು ಮನೆಯ ಚಾವಡಿಯಲ್ಲಿ ತೂಗುಹಾಕಿದ ದಿನ ಅವರು ತುಸು ಹೊತ್ತು ನೋಡಿ, “ಈ ಕರಿ ಅಂಗಿಯಲ್ಲಿ ನಿನಗೆ ಸೆಕೆ ಆಗ್ಲಿಲ್ವಾ?” ಎಂದರು. ಬೇರೆ ಏನೂ ಕೇಳಲಿಲ್ಲ. ಮದ್ರಾಸಿನಲ್ಲಿ ಐದು ವರ್ಷ ಏನು ಓದಿದೆ ಎಂದು ಕೇಳಲೇ ಇಲ್ಲ.

ನಾನು ಬಂಟ್ವಾಳದಲ್ಲಿ ಒಬ್ಬ ಹಿರಿಯ ವಕೀಲರ ಕೈಕೆಳಗೆ ಸೇರಿದ್ದೆ. ಶನಿವಾರ ಮನೆಗೆ ಹೋದರೆ ಮಾವ ಮತ್ತು ಅಣ್ಣ ಅಂಗಳದಲ್ಲಿ ಕುಕ್ಕರಗಾಲಲ್ಲಿ ಕುಳಿತು ಯಾವುದೋ ಹುಂಜದ ಕಣ್ಣು ನೋಡುತ್ತಿರುತ್ತಿದ್ದರು. ಅವರಿಬ್ಬರ ಬೆನ್ನು ಒಂದೇ ರೀತಿ ಬಾಗಿರುತ್ತಿತ್ತು. ಆ ಬೆನ್ನುಗಳನ್ನು ಕಂಡರೆ ನನಗೆ ಎದೆಯಲ್ಲಿ ಉರಿ ಹತ್ತುತ್ತಿತ್ತು. ಅದಕ್ಕೆ ನಾನು ಜೀವದಯೆ ಎಂದು ಹೆಸರಿಟ್ಟುಕೊಂಡೆ.

ದಯೆ ಪೂರ್ತಿ ಸುಳ್ಳಾಗಿರಲಿಲ್ಲ. ಕೊಯ್ಲು ಮುಗಿದ ಗದ್ದೆಯಲ್ಲಿ ಒಂದು ಹುಂಜ ಕರುಳನ್ನು ಎಳೆದುಕೊಂಡೇ ಇನ್ನೊಂದರ ಮೇಲೆ ಹಾರಿದ್ದನ್ನು ಕಂಡು ನಾನು ಬದುವಿನ ಹಿಂದೆ ಹೋಗಿ ವಾಂತಿ ಮಾಡಿದ್ದೆ. ಪ್ರಾಣಿಹಿಂಸೆಯ ವಿರುದ್ಧ ಕೇಂದ್ರದ ಹೊಸ ಕಾಯ್ದೆ ಬಂದು ಆಗ ಎರಡು ಮೂರು ವರ್ಷವಾಗಿತ್ತು. ನಮ್ಮ ಕಡೆ ಮಾತ್ರ ಅಂಕವೆಂದರೆ ಜೂಜಿನ ಸಂಗತಿ ಅಥವಾ ದೈವದ ಸಂಗತಿ. ಜೂಜೆಂದರೆ ಪೊಲೀಸರು ಜನರನ್ನು ಚದುರಿಸುತ್ತಿದ್ದರು, ದೈವದ ಕಟ್ಟಲೆ ಎಂದರೆ ಹಿಂದಿರುಗುತ್ತಿದ್ದರು. ಹುಂಜಕ್ಕೆ ನೋವಾಗುತ್ತದೆ ಎಂಬುದು ಎರಡರಲ್ಲೂ ಇರಲಿಲ್ಲ.

ಮೂಡಬಿದಿರೆಯಲ್ಲಿ ನನಗೆ ಹೈಸ್ಕೂಲಿನಲ್ಲಿ ಕಲಿಸಿದ ಜೈನ ಮಾಸ್ತರೊಬ್ಬರಿದ್ದರು. ನಿವೃತ್ತರಾದ ಮೇಲೆ ಅವರು ಸರಕಾರಕ್ಕೆ ಮನವಿಯೊಂದನ್ನು ಕಳಿಸುವ ಕೆಲಸಕ್ಕೆ ಕೈ ಹಾಕಿದ್ದರು: ಕಾಯ್ದೆಯನ್ನು ಬಿಗಿಗೊಳಿಸಬೇಕು, ಕೋಳಿ ಅಂಕಕ್ಕಾಗಲಿ ಟಗರು ಕಾಳಗಕ್ಕಾಗಲಿ ಕಟ್ಟಲೆಯ ಹೆಸರಿನಲ್ಲಿ ವಿನಾಯಿತಿ ಕೊಡಬಾರದು. “ನೀನು ಕಾನೂನು ಓದಿದವ. ಇಂಗ್ಲಿಷಿನಲ್ಲಿ ಚೆಂದ ಬರೆದುಕೊಡು,” ಎಂದರು. ಬರೆದುಕೊಟ್ಟೆ. ಅವರು ಹೇಳದ ಒಂದು ವಾಕ್ಯವನ್ನೂ ಸೇರಿಸಿದೆ. ಹುಂಜದ ಯಜಮಾನನಿಗೆ ಏನು ಶಿಕ್ಷೆಯೋ ಅದರ ಕಾಲಿಗೆ ಕತ್ತಿ ಕಟ್ಟಿ ಕೂಲಿ ಪಡೆಯುವವನಿಗೂ ಅದೇ ಶಿಕ್ಷೆಯಾಗಬೇಕು, ಅವನಿಲ್ಲದೆ ಅಂಕವೇ ಇಲ್ಲ.

ಮಾಸ್ತರರು ಓದಿ, “ಇದು ನನಗೆ ಹೊಳೆದೇ ಇರಲಿಲ್ಲ,” ಎಂದು ಬೆನ್ನು ತಟ್ಟಿದರು. ಆ ವಾಕ್ಯ ಸರಿಯಾಗಿತ್ತು ಎಂದು ಇಂದಿಗೂ ನಾನು ವಾದಿಸಬಲ್ಲೆ. ಆದರೆ ಅದನ್ನು ಬರೆಯುವಾಗ ನನ್ನ ಕಣ್ಣ ಮುಂದೆ ಯಾವ ಹುಂಜವೂ ಇರಲಿಲ್ಲ. ಇದ್ದದ್ದು ಹತ್ತು ಬೆರಳು.

ಮನವಿಯನ್ನು ಸಭೆಯಲ್ಲಿ ಕನ್ನಡದಲ್ಲಿ ಓದಿದರು, ಸಹಿ ಸಂಗ್ರಹಿಸಿದರು. ಸುದ್ದಿ ಬಸ್ಸಿಗಿಂತ ಮೊದಲೇ ಮನೆ ತಲುಪಿತ್ತು. ಊಟಕ್ಕೆ ಕುಳಿತಾಗ ಅಣ್ಣ ಎಲೆಯ ಮೇಲಿಂದ ತಲೆ ಎತ್ತದೆ ಕೇಳಿದ, “ವಕೀಲರೆ, ಕತ್ತಿ ಕಟ್ಟಿದವ ಕೂಲಿ ತಗೊಳ್ತಾನೆ ಅಂತ ಬರೆದದ್ದು ಯಾರು?”

“ಯಾಕೆ?” ಎಂದೆ.

“ಕೂಲಿ ಇಲ್ಲ ಮಾರಾಯ, ಒಂದು ಕೋಳಿ ಕಾಲು. ಅದಕ್ಕೆ ಎಷ್ಟು ತಿಂಗಳ ಜೈಲು ಅಂತ ಕೇಳುವ ಅಂತ.”

ಮಾವ ನಕ್ಕರು. “ಎಲುಬು ಸೇರಿಸಿಯೋ, ಬಿಟ್ಟೋ?” ಎಂದರು. ಇಬ್ಬರೂ ಸೇರಿ ನಗುವುದನ್ನು ನೋಡುತ್ತಾ ನಾನು ಅನ್ನ ಕಲಸುತ್ತಲೇ ಇದ್ದೆ. ಅವರಿಗೆ ಕೋಪ ಬಂದಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ಅದೇ ಬೇಸಗೆಯಲ್ಲಿ ಪುಂಜಾಲಕಟ್ಟೆಯ ಆಚೆ ಒಂದು ಅಂಕಕ್ಕೆ ಪೊಲೀಸರು ಬಂದರು. ಮನವಿಯ ಒಂದು ಪ್ರತಿ ಅವರ ಕೈ ಸೇರಿತ್ತೆಂದು ಜನ ಹೇಳುತ್ತಿದ್ದರು. ನಿಜವೋ ಅಲ್ಲವೋ ನನಗೆ ತಿಳಿಯದು. ಆ ದಿನ ನಾನು ಬಂಟ್ವಾಳದಲ್ಲಿದ್ದೆ. ಆದರೂ ಕಣ್ಣಾರೆ ಕಂಡ ಹಾಗೆ ಆ ಗದ್ದೆ ನನಗೆ ಕಾಣುತ್ತದೆ, ಅದಕ್ಕೇ ನಾನು ಅದನ್ನು ನಂಬುವುದಿಲ್ಲ. ಕೇಳಿದ್ದು ಇಷ್ಟು: ಸೀಟಿ ಕೇಳಿದ್ದೇ ಎಲ್ಲರೂ ಗುಡ್ಡೆ ಹತ್ತಿದರು, ಹುಂಜದ ಯಜಮಾನರೂ ಓಡಿದರು. ಅಣ್ಣ ಮಾತ್ರ ಕುಳಿತೇ ಇದ್ದ. ಅವನ ಮಡಿಲಲ್ಲಿ ಅರ್ಧ ಕಟ್ಟಿದ ಹುಂಜವಿತ್ತು. ಅರ್ಧ ಕಟ್ಟಿದ್ದನ್ನು ಬಿಟ್ಟು ಎದ್ದರೆ ಆ ಕತ್ತಿ ಯಾರ ಕೈಕಾಲಿಗೆ ಬೀಳುತ್ತದೆ ಎಂದು ಹೇಳಲಾಗದು. ಪೊಲೀಸರು ಸುತ್ತ ನಿಂತಿರುವಾಗಲೇ ಅವನು ನೂಲನ್ನು ಒಂದೊಂದೇ ಸುತ್ತು ಬಿಚ್ಚಿ, ಕತ್ತಿಯನ್ನು ಒರೆಗೆ ಹಾಕಿ, ಆಮೇಲೆ ಎದ್ದನಂತೆ. ಅಂದು ಪೊಲೀಸರಿಗೆ ಸಿಕ್ಕಿ ಹೆಸರು ಬರೆಸಿದವನು ಅವನೊಬ್ಬನೇ.

ವಿಚಾರಣೆಗೆ ವಾರವಿರುವಾಗ ಮಾವ ನನ್ನ ಆಫೀಸಿಗೆ ಬಂದರು. ನಾನು ಬಂಟ್ವಾಳ ಸೇರಿದ ಮೇಲೆ ಅವರು ಅಲ್ಲಿಗೆ ಬಂದದ್ದು ಅದೇ ಮೊದಲು. ಬೆಂಚಿನ ತುದಿಯಲ್ಲಿ ಕುಳಿತರು. ನೀರು ಕೊಟ್ಟೆ, ಕುಡಿಯಲಿಲ್ಲ.

“ಅವನಿಗೆ ಏನಾಗ್ತದೆ?”

“ದಂಡ. ಅಷ್ಟೇ.”

“ಮತ್ತೆ ಕಟ್ಟಿದರೆ?”

“ಮೂರು ವರ್ಷದೊಳಗೆ ಇನ್ನೊಮ್ಮೆ ಸಿಕ್ಕಿದರೆ ಜೈಲೂ ಆಗಬಹುದು.”

ಅವರು ತಮ್ಮ ಕೈಗಳನ್ನೇ ನೋಡಿಕೊಂಡರು. “ಹಾಗಾದ್ರೆ ಅವನ ಕೈ ಕಟ್ಟಿದ ಹಾಗೇ. ನಿನ್ನ ಪುಸ್ತಕದಲ್ಲಿ ಏನಾದ್ರೂ ದಾರಿ ಉಂಟಾ?”

ದಾರಿ ಇತ್ತು. ಕಾಯ್ದೆ ಹೇಳುವುದು ಪ್ರಾಣಿಯನ್ನು ಕಾಳಗಕ್ಕೆ ಪ್ರಚೋದಿಸುವವನ ಬಗ್ಗೆ, ಕಾಳಗದ ಜಾಗ ನಡೆಸುವವನ ಬಗ್ಗೆ. ಅಣ್ಣ ಹುಂಜವನ್ನು ಬಿಟ್ಟವನಲ್ಲ, ಅಂಕ ಕರೆದವನಲ್ಲ. ಆ ಸಂದು ನನಗೆ ಗೊತ್ತಿದ್ದಷ್ಟು ಚೆನ್ನಾಗಿ ಜಿಲ್ಲೆಯಲ್ಲಿ ಬೇರೆ ಯಾರಿಗೂ ಗೊತ್ತಿರಲಿಕ್ಕಿಲ್ಲ. ಅದನ್ನು ಮುಚ್ಚಬೇಕೆಂದು ಮನವಿ ಬರೆದವನೇ ನಾನು.

“ನೋಡುವ,” ಎಂದೆ.

ಮಾವ ಎದ್ದು ನನ್ನ ಹೆಗಲ ಮೇಲೆ ಕೈ ಇಟ್ಟರು. ಹತ್ತು ವರ್ಷದಿಂದ ಕಾದಿದ್ದ ಕೈ. ಅದು ಬಂದದ್ದು ಅವನಿಗಾಗಿ. ಆ ದಿನ ಸಂಜೆ ನನಗೆ ಯಾವ ಕಡತವನ್ನೂ ಓದಲಾಗಲಿಲ್ಲ. ಅವನು ದಂಡ ತೆತ್ತರೂ ಮಾವ ಬಾಗಿಲಲ್ಲಿ ಅವನಿಗಾಗಿ ಕಾಯುತ್ತಾರೆ, ನಾನು ಗೆಲ್ಲಿಸಿದರೂ ಅವನನ್ನೇ ಬಸ್ಸಿನಲ್ಲಿ ಪಕ್ಕಕ್ಕೆ ಕೂರಿಸಿಕೊಂಡು ಹೋಗುತ್ತಾರೆ. ಇದೇ ತಲೆಯಲ್ಲಿ ಸುತ್ತುತ್ತಿತ್ತು.

ಬಂಧನದ ಮೇಲೆ ನಾನು ಮನೆಗೆ ಹೋಗಿರಲಿಲ್ಲ. ಅಣ್ಣನನ್ನು ಮೊದಲು ಕಂಡದ್ದು ಕೋರ್ಟಿನ ಜಗಲಿಯಲ್ಲೇ, ವಿಚಾರಣೆಯ ಬೆಳಿಗ್ಗೆ. ನನ್ನ ನೆನಪಿನ ಪ್ರಕಾರ ನಾನು ಅವನಿಗೆ ಎಲ್ಲವನ್ನೂ ವಿವರಿಸಿದೆ: ‘ಕತ್ತಿ ನಾನು ಕಟ್ಟಲಿಲ್ಲ, ಬಿಚ್ಚುತ್ತಿದ್ದೆ’ ಎಂದು ನೀನು ಹೇಳಿದರೂ ಸಾಕು, ಉಳಿದದ್ದನ್ನು ನಾನು ನೋಡಿಕೊಳ್ಳುತ್ತೇನೆ. ಅವನು ಕೇಳಿಸಿಕೊಂಡು ತಲೆಯಾಡಿಸಿದ.

“ಆ ಕಟ್ಟು ನನ್ನದಲ್ಲ ಅಂತ ಹೇಳ್ಬೇಕಾ?”

“ಹೌದು.”

“ಹಾಗೆ ಹೇಳಿದ್ರೆ ನಾಳೆ ಯಾರು ನನ್ನ ಹತ್ರ ಕೋಳಿ ತರ್ತಾರೆ? ನಾನು ಕಟ್ಟಿದ್ದು ಹೌದು ತಮ್ಮ. ಹಾಗೇ ಬರಿ.”

ಮಾವ ಪಕ್ಕದಲ್ಲೇ ನಿಂತಿದ್ದರು. ತಲೆದೂಗಿದರು, ನಿಧಾನವಾಗಿ, ಎರಡು ಸಲ. ತಪ್ಪೊಪ್ಪಿಕೊಳ್ಳುವುದರಲ್ಲಿಯೂ ಅವನೇ ಗೆದ್ದನಲ್ಲ ಎಂದು ನನ್ನ ಹೊಟ್ಟೆ ಉರಿಯಿತು. ಅಲ್ಲೇ ಬೆಂಚಿನ ಮೇಲೆ ಕುಳಿತು ತಪ್ಪೊಪ್ಪಿಗೆಯ ಅರ್ಜಿ ಬರೆದೆ, ಅವನು ಸಹಿ ಹಾಕಿದ. ಮ್ಯಾಜಿಸ್ಟ್ರೇಟರು ಓದಿ ದಂಡ ವಿಧಿಸಿದರು. ಹತ್ತು ನಿಮಿಷದ ಕೆಲಸ.

ಅಣ್ಣ ಆಮೇಲೆ ಕತ್ತಿ ಮುಟ್ಟಲಿಲ್ಲ. ಮೂರು ವರ್ಷ ಕಳೆಯುವಷ್ಟರಲ್ಲಿ ಬೆರಳಿಗೆ ಅಭ್ಯಾಸ ತಪ್ಪಿತು ಎಂದ. ಮಾವ ಹುಂಜಗಳನ್ನು ಒಂದೊಂದಾಗಿ ಕೊಟ್ಟುಬಿಟ್ಟರು. ಅಂಗಳ ಖಾಲಿಯಾಯಿತು. ಆಗಲಾದರೂ ಮಾವನಿಗೆ ನನ್ನೊಡನೆ ಮಾತಾಡಲು ಬಿಡುವು ಸಿಗುತ್ತದೆ ಎಂದುಕೊಂಡಿದ್ದೆ. ಅವರಿಬ್ಬರೂ ಜಗಲಿಯಲ್ಲಿ ಏನೂ ಮಾತಾಡದೆ ಜೊತೆಗೆ ಕುಳಿತಿರುತ್ತಿದ್ದರು. ಗೂಟದ ಗುರುತುಗಳಿದ್ದ ಅಂಗಳವನ್ನು ನೋಡುತ್ತಿದ್ದರು. ನಾನು ಬಂದರೆ ಸರಿದು ಜಾಗ ಕೊಡುತ್ತಿದ್ದರು, ಅತಿಥಿಗೆ ಕೊಟ್ಟ ಹಾಗೆ. ಆ ಮೌನದ ಮೇಲೂ ನನಗೆ ಅಸೂಯೆಯಾಗುತ್ತಿತ್ತು.

ಕೋರ್ಟಿನ ಜಗಲಿಯ ಆ ಸಂಭಾಷಣೆಯನ್ನು ನಾನು ಎಷ್ಟೋ ಜನರಿಗೆ ಹೇಳಿದ್ದೇನೆ. ಕೇಳಿದವರು ಅಣ್ಣನನ್ನು ಮೆಚ್ಚುತ್ತಿದ್ದರು, ಬಿಡಿಸಲು ಹೊರಟ ನನ್ನನ್ನೂ ಮೆಚ್ಚುತ್ತಿದ್ದರು. ಪ್ರತಿಸಲವೂ ಅದು ಇನ್ನಷ್ಟು ನಯವಾಗುತ್ತಿತ್ತು. ನಾವು ಮಾತಾಡಿದ್ದು ತುಳುವಿನಲ್ಲಿ. ನನಗೆ ನೆನಪಿರುವುದು ಕನ್ನಡದ ವಾಕ್ಯಗಳು. ಅಲ್ಲಿಂದಲೇ ನನಗೆ ಸಂಶಯ ಶುರುವಾದದ್ದು. ಅಣ್ಣನನ್ನೇ ಕೇಳಬಹುದಿತ್ತು. ಕೇಳಲಿಲ್ಲ.

ಅರವತ್ತರ ದಶಕದ ಕೊನೆಯಲ್ಲಿ ಬೇರೆ ಮೊಕದ್ದಮೆಯ ಮೇಲೆ ಬೆಳ್ತಂಗಡಿಗೆ ಹೋಗಿದ್ದಾಗ, ಸುಡಲೆಂದು ಬೇರ್ಪಡಿಸಿದ ಹಳೆಯ ಕಡತಗಳನ್ನು ಹಿಂದಿನ ಕೋಣೆಯಲ್ಲಿ ಕಟ್ಟು ಕಟ್ಟಿ ಇಟ್ಟಿದ್ದರು. ಗುಮಾಸ್ತರು ಪರಿಚಯದವರು. “ಬೇಕಾದ್ರೆ ನೋಡಿ, ನಾಳೆ ಇರುವುದಿಲ್ಲ,” ಎಂದರು. ಒಂದು ಗಂಟೆ ಹುಡುಕಿದ ಮೇಲೆ ಅಣ್ಣನ ಕಡತ ಸಿಕ್ಕಿತು. ಅದರಲ್ಲಿ ತಪ್ಪೊಪ್ಪಿಗೆಯ ಅರ್ಜಿಯಿತ್ತು, ನನ್ನದೇ ಅಕ್ಷರ, ಕೆಳಗೆ ಅವನ ಸಹಿ. ಕಿಟಕಿಯ ಬೆಳಕಿಗೆ ಹಿಡಿದು, ಪಕ್ಕದಲ್ಲಿ ವಿಚಾರಣೆಯ ಹಾಳೆಯನ್ನು ಇಟ್ಟುಕೊಂಡು, ಎರಡು ಸಲ ಹೋಲಿಸಿ ನೋಡಿದೆ. ಅರ್ಜಿಯ ಮೇಲೆ ನಾನು ಬರೆದಿದ್ದ ದಿನಾಂಕ ವಿಚಾರಣೆಯ ಹಿಂದಿನ ದಿನದ್ದು, ಅಣ್ಣನನ್ನು ನಾನಿನ್ನೂ ಕಂಡಿರದ ದಿನದ್ದು.